ಕೊರೆಯುವ ಯಂತ್ರದ ಮೌನ

ಹಳೆಯ ಗ್ರಾಮಫೋನ್ ತಟ್ಟೆಯೊಂದನ್ನು ಕೇಳುತ್ತಿರುವಾಗ, ಗಾಯಕನ ಹಿಂದೆ ನುಡಿಯುವ ತಂಬೂರಿಯ ಶ್ರುತಿಯು ಮೆಲ್ಲನೆ ಏರಿ ಮೆಲ್ಲನೆ ಇಳಿದಂತೆ ಭಾಸವಾಗುವುದುಂಟು. ತಂಬೂರಿ ತಾನಾಗಿ ಹಾಗೆ ಓಲಾಡುವ ವಾದ್ಯವಲ್ಲ. ದೋಷವಿರುವುದು ಯಂತ್ರದಲ್ಲಿ. ಆದರೆ ಯಾವ ಯಂತ್ರದಲ್ಲಿ? ನಮ್ಮ ಮನೆಯ ಯಂತ್ರದಲ್ಲಾದರೆ ಅದನ್ನು ಸರಿಪಡಿಸಿ, ಅದೇ ತಟ್ಟೆಯನ್ನು ಮತ್ತೆ ಕೇಳಬಹುದು. ತಟ್ಟೆಯನ್ನು ಮೊದಲು ಕೊರೆದ ಯಂತ್ರದಲ್ಲಾದರೆ, ಅದರಿಂದ ಅಚ್ಚಾದ ಸಾವಿರಾರು ತಟ್ಟೆಗಳಲ್ಲಿಯೂ ಅದೇ ಓಲಾಟ ಅಚ್ಚಾಗಿರುತ್ತದೆ. ಕೊರೆಯುವ ಯಂತ್ರದ ಮೋಟಾರಿಗೆ ಇಷ್ಟೊಂದು ಮಹತ್ವ ಬಂದಿರುವುದು ಈ ಕಾರಣದಿಂದಲೇ.

ಈ ಯಂತ್ರದ ಕೆಲಸವೇನೆಂಬುದನ್ನು ಮೊದಲು ನೋಡೋಣ. ಅಲ್ಯೂಮಿನಿಯಮ್ ಬಿಲ್ಲೆಯ ಮೇಲೆ ಮೆರುಗೆಣ್ಣೆಯನ್ನು ಹೋಲುವ ಲ್ಯಾಕರ್ ಎಂಬ ಮೃದುವಾದ ಲೇಪವಿರುತ್ತದೆ. ಭಾರವಾದ ಪೀಠವೊಂದು ಅದನ್ನು ಹೊತ್ತು ತಿರುಗುತ್ತದೆ. ಕಾಯಿಸಿದ ಸೂಜಿಯೊಂದು ನಾದಕ್ಕೆ ತಕ್ಕಂತೆ ಕಂಪಿಸುತ್ತ, ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಗೆರೆ ಕೊರೆಯುತ್ತದೆ. ಈ ಮೂಲತಟ್ಟೆಗೆ ಬೆಳ್ಳಿಯ ತೆಳುಪದರವನ್ನು ಕೊಟ್ಟು, ನಿಕ್ಕಲ್ ಬೆಳೆಸಿ ಅಚ್ಚುಗಳನ್ನು ಮಾಡುತ್ತಾರೆ. ಅಂಗಡಿಯಲ್ಲಿ ದೊರೆಯುವ ವಿನೈಲ್ ತಟ್ಟೆಗಳು ಆ ಅಚ್ಚುಗಳಿಂದ ಒತ್ತಿದವು.

ಇಂಥ ಯಂತ್ರಗಳಲ್ಲಿ ಜರ್ಮನಿಯ ನಾಯ್‌ಮನ್, ಅಮೆರಿಕದ ಸ್ಕಲಿ ಮತ್ತು ಪ್ರೆಸ್ಟೋ ಪ್ರಸಿದ್ಧವಾದವು. ಕ್ರಮೇಣ ಇವುಗಳ ತಯಾರಿಕೆ ನಿಂತುಹೋಯಿತು. ಎಷ್ಟೋ ಯಂತ್ರಗಳು ಗುಜರಿ ಸೇರಿದವು. ಕಾಲಚಕ್ರ ಮತ್ತೆ ತಿರುಗಿತು. ೨೦೨೨ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಕಾಂಪ್ಯಾಕ್ಟ್ ಡಿಸ್ಕುಗಳ ಸಂಖ್ಯೆಯನ್ನು ಮೀರಿತು; ೧೯೮೭ರ ತರುವಾಯ ಹಾಗಾದುದು ಅದೇ ಮೊದಲು. ಬೇಡಿಕೆಯೇನೋ ಮರಳಿತು; ಅದನ್ನು ಪೂರೈಸುವ ಭಾರ ಬಿದ್ದುದು ಅರ್ಧ ಶತಮಾನ ದಾಟಿದ ಯಂತ್ರಗಳ ಮೇಲೆ. ಆದುದರಿಂದ ಅವುಗಳ ಮೋಟಾರನ್ನು ಉತ್ತಮಪಡಿಸುವುದು ಬರಿಯ ಹವ್ಯಾಸಿಗಳ ಕುತೂಹಲವಲ್ಲ.

ಮೋಟಾರು ಎಂದೊಡನೆ ನಮಗೆ ಶಕ್ತಿಯ ನೆನಪಾಗುತ್ತದೆ. ಇಲ್ಲಿ ಬೇಕಾದುದು ಶಕ್ತಿಗಿಂತ ಹೆಚ್ಚಾಗಿ ಸಮತೆ. ಹಿಂದಿನ ಧ್ವನಿಮುದ್ರಕರು ಇದನ್ನು ಚೆನ್ನಾಗಿ ಅರಿತಿದ್ದರು. ೧೯೩೧ರಲ್ಲಿ ಆರಂಭವಾದ ಲಂಡನ್ನಿನ ಆಬಿ ರೋಡ್ ಧ್ವನಿಮುದ್ರಣಾಲಯದಲ್ಲಿ, ವಿದ್ಯುತ್ತು ಕೈಗೆಟಕುವಂತಿದ್ದರೂ, ಕೊರೆಯುವ ಯಂತ್ರಗಳನ್ನು ತಿರುಗಿಸುತ್ತಿದ್ದುದು ಗೋಡೆಗಡಿಯಾರದಲ್ಲಿರುವಂತೆ ಮೆಲ್ಲನೆ ಕೆಳಗಿಳಿಯುವ ಭಾರವಾದ ಗುಂಡು. ಭೂಮಿಯ ಆಕರ್ಷಣೆಗೆ ಏರಿಳಿತವಿಲ್ಲ, ಗುಂಯ್‌ಗುಡುವ ಸದ್ದೂ ಇಲ್ಲ. ವಿದ್ಯುತ್ ಮೋಟಾರು ಆ ಗುಂಡಿನೊಡನೆ ಸ್ಪರ್ಧಿಸಬೇಕಾಗಿತ್ತು.

ಆ ಸ್ಪರ್ಧೆಯಲ್ಲಿ ನೆರವಿಗೆ ಬಂದುದು ಸಿಂಕ್ರನಸ್ ಮೋಟಾರು. ಇದರ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಒತ್ತಡವಲ್ಲ, ಅದರ ಆವರ್ತನ. ಸೆಕೆಂಡಿಗೆ ೫೦ ಆವರ್ತಗಳಿರುವಲ್ಲಿ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ ೧,೫೦೦ ಸುತ್ತು ತಿರುಗುತ್ತದೆ. ಪೀಠ ತಿರುಗಬೇಕಾದುದು ೩೩ ೧/೩ ಸುತ್ತು ಮಾತ್ರ. ವೇಗವನ್ನು ತಗ್ಗಿಸಲು ನಡುವೆ ಹಲ್ಲುಗಾಲಿ, ಪಟ್ಟಿ ಇಲ್ಲವೆ ರಬ್ಬರು ಬೇಕು. ಇವೇ ಬೇಡವೆನ್ನುವುದಾದರೆ ಮೋಟಾರಿಗೆ ೧೮೦ ಧ್ರುವಗಳನ್ನು ಕೊಟ್ಟು ನೇರವಾಗಿ ಪೀಠಕ್ಕೆ ಜೋಡಿಸಬೇಕು. ನಾಯ್‌ಮನ್ ಯಂತ್ರಗಳಿಗೆ ಡೆನ್ಮಾರ್ಕಿನ ಲೈರೆಕ್ ಸಂಸ್ಥೆ ಒದಗಿಸಿದ ಮೋಟಾರುಗಳು ಈ ನೇರ ಜೋಡಣೆಯ ಜಾತಿಯವು.

ಇನ್ನು ದೋಷಗಳ ವಿಚಾರ. ಅನುಭವಸ್ಥನಾದ ಯಂತ್ರಜ್ಞನು ವೈದ್ಯನು ನಾಡಿ ಹಿಡಿಯುವಂತೆ, ಏರಿಳಿತದ ಕಾಲವನ್ನು ಎಣಿಸಿ ಅಪರಾಧಿಯನ್ನು ಗುರುತಿಸುತ್ತಾನೆ. ೩೩ ೧/೩ರ ವೇಗದಲ್ಲಿ ಪೀಠದ ಒಂದು ಸುತ್ತಿಗೆ ೧.೮ ಸೆಕೆಂಡು ಹಿಡಿಯುತ್ತದೆ. ಶ್ರುತಿಯು ೧.೮ ಸೆಕೆಂಡಿಗೊಮ್ಮೆ ಓಲಾಡಿದರೆ ದೋಷ ಪೀಠದಲ್ಲಿದೆ, ಇಲ್ಲವೆ ತಟ್ಟೆಯ ನಡುವಿನ ರಂಧ್ರ ಕೇಂದ್ರದಿಂದ ಸರಿದಿದೆ. ಇದಕ್ಕಿಂತ ಬೇಗ ಬೇಗ ನಡುಗಿದರೆ ರಬ್ಬರನ್ನೋ ಪಟ್ಟಿಯನ್ನೋ ಪರೀಕ್ಷಿಸಬೇಕು. ಸೆಕೆಂಡಿಗೆ ೨೫ ಬಾರಿಯ ಗುಡುಗಿನಂಥ ಸದ್ದಾದರೆ, ೧,೫೦೦ ಸುತ್ತಿನ ಮೋಟಾರಿನ ಅಕ್ಷವೋ ಬೇರಿಂಗೋ ಸವೆದಿರಬೇಕು. ಸೆಕೆಂಡಿಗೆ ೧೦೦ ಬಾರಿಯ ಗುಂಯ್‌ಕಾರವಾದರೆ ಅದು ಸವೆತದ ಫಲವಲ್ಲ. ೫೦ ಆವರ್ತಗಳ ವಿದ್ಯುತ್ತೇ ಮೋಟಾರಿನ ತಿರುಗುಬಲದಲ್ಲಿ ಎಬ್ಬಿಸಿದ ಅಲೆ.

ಈ ಗುಂಯ್‌ಕಾರಕ್ಕೆ ಒಂದು ಸ್ವಾರಸ್ಯಕರವಾದ ಕಾರಣವುಂಟು. ಮೋಟಾರಿನಲ್ಲಿ ಎರಡು ಸುರುಳಿಗಳಿದ್ದು, ಒಂದರ ವಿದ್ಯುತ್ತು ಇನ್ನೊಂದಕ್ಕಿಂತ ಕಾಲು ಆವರ್ತದಷ್ಟು ಮುಂದಿರಬೇಕು. ಎರಡರ ಬಲವೂ ಸಮನಾಗಿರಬೇಕು. ಆಗ ಒಂದು ಸುರುಳಿಯ ಎಳೆತ ತಗ್ಗಿದಾಗ ಇನ್ನೊಂದರ ಎಳೆತ ಏರಿ, ಒಟ್ಟು ಬಲ ಏಕಪ್ರಕಾರವಾಗಿರುತ್ತದೆ. ಹಳೆಯ ಯಂತ್ರಗಳಲ್ಲಿ ಈ ಅಂತರವನ್ನು ಒಂದು ಕಂಡೆನ್ಸರಿನಿಂದ ಸಾಧಿಸುತ್ತಿದ್ದರು. ಅದು ಹೊಸದಾಗಿದ್ದಾಗಲೂ ಲೆಕ್ಕ ಅಂದಾಜಿನದು. ಹಳತಾದಂತೆ ಅದರ ಗುಣ ಕೆಟ್ಟು ಮೋಟಾರು ಕುಂಟುತ್ತದೆ. ಆದುದರಿಂದ ಸುಧಾರಣೆಯ ಮೊದಲ ಹೆಜ್ಜೆ ಬಹಳ ಸರಳವಾದುದು. ಬೇರಿಂಗುಗಳನ್ನು ತೊಳೆದು ತಕ್ಕ ಎಣ್ಣೆ ಹಾಕುವುದು, ಗಟ್ಟಿಯಾದ ರಬ್ಬರನ್ನು ಬದಲಿಸುವುದು, ಹೊಸ ಕಂಡೆನ್ಸರ್ ಕೂಡಿಸುವುದು. ಎಷ್ಟೋ ಯಂತ್ರಗಳು ಇಷ್ಟಕ್ಕೇ ಚೇತರಿಸಿಕೊಳ್ಳುತ್ತವೆ.

ಎರಡನೆಯ ಹೆಜ್ಜೆ ವಿದ್ಯುತ್ತನ್ನೇ ಹೊಸದಾಗಿ ನಿರ್ಮಿಸುವುದು. ಸ್ಫಟಿಕದ ಕಂಪನವನ್ನು ಆಧಾರವಾಗಿಟ್ಟುಕೊಂಡು ಶುದ್ಧವಾದ ಎರಡು ಅಲೆಗಳನ್ನು ಹುಟ್ಟಿಸಿ, ಒಂದೊಂದನ್ನೂ ಪ್ರತ್ಯೇಕ ವರ್ಧಕದಿಂದ ಬಲಪಡಿಸಿ, ಒಂದೊಂದು ಸುರುಳಿಗೆ ಕೊಡುತ್ತಾರೆ. ಅಂತರವನ್ನೂ ಬಲವನ್ನೂ ತಿದ್ದುತ್ತ ಬಂದರೆ ಕಂಪನವು ಅತ್ಯಂತ ಕಡಿಮೆಯಾಗುವ ಒಂದು ಬಿಂದು ಸಿಕ್ಕುತ್ತದೆ. ವೀಣೆಯ ಬಿರಡೆಯನ್ನು ತಿರುವಿ ಶ್ರುತಿ ಸೇರಿಸಿದಂತೆ. ಇದರಿಂದ ಇನ್ನೊಂದು ಲಾಭವುಂಟು. ಸರಬರಾಜಿನ ಆವರ್ತನ ೫೦ರಿಂದ ೪೯ಕ್ಕೆ ಇಳಿದರೆ ವೇಗ ನೂರಕ್ಕೆ ಎರಡು ಪಾಲು ಕುಗ್ಗುತ್ತದೆ. ಒಂದು ಸ್ವರಸ್ಥಾನಕ್ಕೂ ಅದರ ಮುಂದಿನದಕ್ಕೂ ಇರುವ ಅಂತರದ ಮೂರನೆಯ ಒಂದು ಭಾಗ ಅದು! ೧೯೯೦ರ ದಶಕದಲ್ಲಿ ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಇಂಥ ಇಳಿತಗಳು ಅಪರೂಪವಾಗಿರಲಿಲ್ಲ. ಅಮೆರಿಕದ ೬೦ ಆವರ್ತಗಳಿಗಾಗಿ ಮಾಡಿದ ಯಂತ್ರವನ್ನು ಯೂರೋಪಿಗೆ ಒಯ್ದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಸ್ವಂತ ಅಲೆಯನ್ನು ಹುಟ್ಟಿಸಿಕೊಳ್ಳುವ ಯಂತ್ರಕ್ಕೆ ಈ ಪರಾಧೀನತೆಯಿಲ್ಲ.

ಮೂರನೆಯ ಹೆಜ್ಜೆ ಮೋಟಾರನ್ನೇ ಬದಲಿಸುವುದು. ಜಪಾನಿನ ಟೆಕ್ನಿಕ್ಸ್ ಸಂಸ್ಥೆ ಎಸ್‌.ಪಿ. ೦೨ ಎಂಬ ನೇರ ಚಾಲನೆಯ ಮೋಟಾರನ್ನು ಕೊರೆಯುವ ಯಂತ್ರಗಳಿಗಾಗಿಯೇ ತಯಾರಿಸಿತು, ನಾಯ್‌ಮನ್ನಿನ ವಿ.ಎಂ.ಎಸ್. ೮೦ ಯಂತ್ರದಲ್ಲಿ ಅದನ್ನು ಬಳಸಿದರು. ಇದು ತನ್ನ ವೇಗವನ್ನು ತಾನೇ ಅಳೆದು ಸ್ಫಟಿಕದ ಗತಿಯೊಡನೆ ಹೋಲಿಸಿ, ತಪ್ಪಿದೊಡನೆ ತಿದ್ದಿಕೊಳ್ಳುತ್ತದೆ. ಕೊರೆಯುವಾಗ ಇದು ತುಂಬ ಉಪಯುಕ್ತ. ಏಕೆಂದರೆ ಸಂಗೀತ ಜೋರಾದಲ್ಲಿ ಸೂಜಿ ಹೆಚ್ಚು ಪದಾರ್ಥವನ್ನು ಕೆತ್ತುತ್ತದೆ, ಎಳೆತ ಹೆಚ್ಚುತ್ತದೆ. ದುರ್ಬಲವಾದ ಮೋಟಾರು ಸರಿಯಾಗಿ ಆ ಗಳಿಗೆಯಲ್ಲೇ ಹಿಂಜರಿಯುತ್ತದೆ.

ಆದರೆ ಇಲ್ಲಿ ಎಚ್ಚರ ಬೇಕು. ತಿದ್ದುಪಡಿ ಅತಿಯಾದರೆ ಅದೇ ಹೊಸದೊಂದು ನಡುಕವಾಗುತ್ತದೆ. ಪ್ರತಿ ಹೆಜ್ಜೆಗೂ ಮಗುವಿನ ಕೈ ಜಗ್ಗುವ ತಾಯಿಯಿಂದ ಮಗುವಿನ ನಡಿಗೆ ನೆಟ್ಟಗಾಗುವುದಿಲ್ಲ. ಪೀಠವನ್ನು ಭಾರವಾಗಿಸಿದರೆ ಸಾಕೆಂಬುದೂ ಪೂರ್ಣಸತ್ಯವಲ್ಲ. ಭಾರವಾದ ಪೀಠವೂ ಸಿಂಕ್ರನಸ್ ಮೋಟಾರೂ ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ಒಟ್ಟಿಗೆ ಉಯ್ಯಾಲೆಯಾಡಬಲ್ಲವು. ಆ ಓಲಾಟವನ್ನು ಹೀರಿಕೊಳ್ಳುವಂಥ ಮೆದುವಾದ ಜೋಡಣೆ ನಡುವೆ ಇರಬೇಕು.

೧೯೫೭-೫೮ರಲ್ಲಿ ಸ್ಟೀರಿಯೋ ತಟ್ಟೆಗಳು ಬಂದಾಗ ಈ ಪಾಠ ಇನ್ನೂ ಕಠಿನವಾಯಿತು. ಹಿಂದಿನ ತಟ್ಟೆಯಲ್ಲಿ ನಾದವು ಗೆರೆಯ ಅಡ್ಡ ಚಲನೆಯಲ್ಲಿ ಮಾತ್ರ ಇತ್ತು. ಮೋಟಾರಿನ ಮೇಲುಕೆಳಗಿನ ಅದುರು ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಸ್ಟೀರಿಯೋದಲ್ಲಿ ಗೆರೆಯ ಆಳವೂ ನಾದವನ್ನು ಹೊತ್ತಿತು. ಅಲ್ಲಿಯವರೆಗೆ ನಿರ್ದೋಷಿಯೆನಿಸಿದ್ದ ಮೋಟಾರು ಒಮ್ಮೆಗೇ ಗುಡುಗತೊಡಗಿತು. ಅದುರು ಮೊದಲಿನಿಂದಲೂ ಇತ್ತು. ಅದನ್ನು ಕೇಳುವ ಕಿವಿ ಆಗ ಬಂದಿತು.

ಬಲ್ಲವರು ಈ ಕೆಲಸದಲ್ಲಿ ಒಂದು ನಿಯಮವನ್ನು ಪಾಲಿಸುತ್ತಾರೆ: ಹಳೆಯ ಯಂತ್ರದ ಮೈಯಲ್ಲಿ ಹೊಸ ರಂಧ್ರ ಕೊರೆಯಬಾರದು, ತೆಗೆದ ಮೋಟಾರನ್ನು ಎಸೆಯಬಾರದು. ನಮ್ಮ ಸುಧಾರಣೆ ತಪ್ಪೆಂದು ಮುಂದಿನವರು ಕಂಡುಕೊಂಡರೆ ಅವರಿಗೆ ಹಿಂದಿರುಗುವ ದಾರಿ ಇರಬೇಕು. ಯಂತ್ರಗಳು ಕೆಲವೇ ಉಳಿದಿವೆ. ಮೂಲತಟ್ಟೆಗಳೂ ಸುಲಭವಲ್ಲ, ೨೦೨೦ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಕಾರ್ಖಾನೆ ಸುಟ್ಟುಹೋದಾಗ, ಲ್ಯಾಕರ್ ತಟ್ಟೆಗಳಿಗಾಗಿ ಲೋಕವೆಲ್ಲ ಜಪಾನಿನ ಒಂದೇ ತಯಾರಕರ ಕಡೆ ನೋಡಬೇಕಾಯಿತು.

ಗಾಯಕನ ಕಂಠವನ್ನು ನಾವು ಹೊಗಳುತ್ತೇವೆ, ಪಕ್ಕವಾದ್ಯವನ್ನು ಹೊಗಳುತ್ತೇವೆ. ಮೋಟಾರನ್ನು ಹೊಗಳುವವರಿಲ್ಲ, ಹೊಗಳಿಕೆ ಅದಕ್ಕೆ ಬೇಕಾಗಿಯೂ ಇಲ್ಲ. ತಟ್ಟೆ ಮುಗಿಯುವವರೆಗೂ ತಂಬೂರಿಯ ಶ್ರುತಿ ಕದಲದೆ ನಿಂತು, ಕೇಳುವವನಿಗೆ ಮೋಟಾರೆಂಬುದೊಂದಿದೆಯೆಂಬ ನೆನಪೇ ಬಾರದಿದ್ದರೆ ಅದು ತನ್ನ ಕೆಲಸವನ್ನು ಮಾಡಿದೆ.