ಔಷಧ ಅಳೆಯುವ ಬ್ಯಾಕ್ಟೀರಿಯಾ

ಜೆಂಟಾಮೈಸಿನ್ ಇಂಜೆಕ್ಷನ್ ಕೊಟ್ಟ ಮೇಲೆ ‘ರಕ್ತದಲ್ಲಿ ಔಷಧ ಎಷ್ಟಿದೆ ನೋಡಬೇಕು’ ಎಂದು ಮತ್ತೆ ಸೂಜಿ ಚುಚ್ಚುತ್ತಾರೆ. ಡೋಸ್ ಕೊಟ್ಟವರು ಅವರೇ ಅಲ್ಲವೇ, ಅಳೆಯುವುದೇಕೆ ಅನ್ನಿಸಬಹುದು. ಕಾರಣ ಕಿಡ್ನಿ. ಈ ಆ್ಯಂಟಿಬಯಾಟಿಕ್ ಮೂತ್ರದಲ್ಲಿ ಹೊರಹೋಗಬೇಕು. ಕಿಡ್ನಿ ನಿಧಾನವಾದರೆ ಔಷಧ ರಕ್ತದಲ್ಲೇ ಉಳಿದು ಕಿಡ್ನಿ, ಕಿವಿ ಎರಡಕ್ಕೂ ಪೆಟ್ಟು. ಕಡಿಮೆಯಾದರೆ ಸೋಂಕು ಬಗ್ಗುವುದಿಲ್ಲ.

ಅಳೆಯುವ ಹಳೆಯ ದಾರಿಗೆ ಬಯೋಅಸ್ಸೇ ಎನ್ನುತ್ತಾರೆ, ಅಂದರೆ ಜೀವಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು. ಅಗರ್ ಕರಗಿಸುತ್ತಾರೆ, ನಾವು ಹಲ್ವಾಕ್ಕೆ ಹಾಕುವ ಚೈನಾ ಗ್ರಾಸ್ ಇದೇ. ಅದಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್, ಅಂದರೆ ಬೀಜಕಣ ಬೆರೆಸಿ ತಟ್ಟೆಗೆ ಸುರಿಯುತ್ತಾರೆ. ಹೆಪ್ಪಾದ ಮೇಲೆ ಸಣ್ಣ ಗುಳಿ ಕೊರೆಯುತ್ತಾರೆ. ಕೆಲವು ಗುಳಿಗಳಿಗೆ ಪ್ರಮಾಣ ಗೊತ್ತಿರುವ ಔಷಧ: ಲೀಟರಿಗೆ 1, 2, 4, 8, 16 ಮಿಲಿಗ್ರಾಂ. ಇನ್ನೊಂದಕ್ಕೆ ರೋಗಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮಿಗುವ ತಿಳಿ. 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ತಟ್ಟೆಯೆಲ್ಲ ಮಬ್ಬು, ಗುಳಿಗಳ ಸುತ್ತ ಮಾತ್ರ ತಿಳಿಯಾದ ವೃತ್ತ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಔಷಧ ಹೆಚ್ಚಿದಷ್ಟೂ ವೃತ್ತ ಅಗಲ. ಆದರೆ ಔಷಧ ಎರಡರಷ್ಟಾದರೆ ವೃತ್ತವೂ ಎರಡರಷ್ಟಾಗುವುದಿಲ್ಲ. ಅದಕ್ಕೇ ಗೊತ್ತಿರುವ ವೃತ್ತಗಳಿಂದ ಲಾಗ್ ಗ್ರಾಫ್ ಎಳೆದು, ರೋಗಿಯ ವೃತ್ತವನ್ನು ಅದರಲ್ಲಿ ಓದುತ್ತಾರೆ.

ರೋಗಿ ಪೆನಿಸಿಲಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ? ಅದೂ ಬ್ಯಾಕ್ಟೀರಿಯಾವನ್ನು ತಡೆಯುವುದರಿಂದ ವೃತ್ತ ಸುಳ್ಳು ಹೇಳುತ್ತದೆ. ಪೆನಿಸಿಲಿನೇಸ್ ಎಂಬ ಕಿಣ್ವ ಬೆರೆಸಿ ಪೆನಿಸಿಲಿನ್ನನ್ನು ಮೊದಲು ಮುರಿಯಬೇಕು. ಈ ಪರೀಕ್ಷೆಗೆ ಔಷಧದ ಹೆಸರು ಗೊತ್ತಾಗುವುದಿಲ್ಲ, ಅದರ ಕಸುವು ಮಾತ್ರ ಗೊತ್ತಾಗುತ್ತದೆ. ಅದೇ ಅದರ ಹೆಚ್ಚುಗಾರಿಕೆ ಕೂಡ. 1940ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಇನ್ನೂ ಶುದ್ಧವಾಗಿ ಸಿಕ್ಕಿರಲಿಲ್ಲ, ತೂಗುವಂತಿರಲಿಲ್ಲ. ಅಲ್ಲಿನ ವಿಜ್ಞಾನಿ ನಾರ್ಮನ್ ಹೀಟ್ಲಿ ಅಗರ್ ಮೇಲೆ ಪುಟ್ಟ ಕೊಳವೆಗಳನ್ನಿಟ್ಟು ಹೀಗೇ ಅಳೆದರು.

ಖರ್ಚು? ದುಬಾರಿ ಯಂತ್ರ ಬೇಡ. ತಟ್ಟೆ, ಅಗರ್, ಅಗಲ ಅಳೆಯುವ ಕ್ಯಾಲಿಪರ್ ಸಾಕು. ತುಟ್ಟಿಯಾಗುವುದು ಸಮಯ. ಮುಂದಿನ ಡೋಸ್ ಹೊತ್ತಿಗೆ ಉತ್ತರ ಬೇಕಾದವರು ರಾತ್ರಿಯಿಡೀ ಕಾಯುವುದು ಹೇಗೆ? ಹಾಗಾಗಿ ಆಸ್ಪತ್ರೆಗಳು ಹೆಚ್ಚಾಗಿ ಇಮ್ಯುನೋಅಸ್ಸೇಗೆ, ಅಂದರೆ ಪ್ರತಿಕಾಯದಿಂದ ಅಳೆಯುವ ಯಂತ್ರಕ್ಕೆ ಹೋಗಿವೆ. ತಟ್ಟೆಯ ವಿಧಾನ ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷೆಯಲ್ಲಿ ಉಳಿದಿದೆ; ಇಂಡಿಯನ್ ಫಾರ್ಮಕೋಪಿಯಾದಲ್ಲೂ ಅದಿದೆ.

ನಿಮಗೆ ಬೇಕಾದರೆ ವೈದ್ಯರ ಚೀಟಿಯೊಂದಿಗೆ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ‘ಜೆಂಟಾಮೈಸಿನ್ ಲೆವೆಲ್’ ಎಂದು ಕೇಳಿ. ‘ಟ್ರಫ್’ ಎಂದು ಬರೆದಿದ್ದರೆ ಮುಂದಿನ ಡೋಸಿಗೆ ಸ್ವಲ್ಪ ಮೊದಲು ರಕ್ತ ಕೊಡಬೇಕು. ಇಂಜೆಕ್ಷನ್ ಕೊಟ್ಟ ಗಂಟೆ, ರಕ್ತ ತೆಗೆದ ಗಂಟೆ ಎರಡನ್ನೂ ಚೀಟಿಯಲ್ಲಿ ಬರೆಸಿ. ಅದಿಲ್ಲದಿದ್ದರೆ ರಿಪೋರ್ಟಿನ ಅಂಕಿ ಹೆಚ್ಚೋ ಕಡಿಮೆಯೋ ಎಂದು ವೈದ್ಯರೂ ಹೇಳಲಾರರು.