ಅಂದಾಜು ಕಾಗದದಲ್ಲಿರಲಿ, ನಿರ್ಧಾರ ನಮ್ಮ ಕೈಯಲ್ಲಿರಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಅನುಭವದ ಮಾತು. ಮಹಾನಗರದಲ್ಲಿ ಬಾಳುವ ನಮಗೆ ಮನೆ ಕಟ್ಟುವ ಪ್ರಸಂಗ ಒದಗುವುದು ವಿರಳ. ಆದರೆ ಇರುವ ಮನೆಯನ್ನು ರಿಪೇರಿ ಮಾಡಿಸುವ ಸಂಕಟ ಯಾರನ್ನೂ ಬಿಟ್ಟಿಲ್ಲ. ಕಳೆದ ವರ್ಷ ನನಗೊದಗಿದ ಅನುಭವವನ್ನು ಓದುಗ ಬಾಂಧವರ ಮುಂದಿಡುವುದು ಉಪಯುಕ್ತವಾದೀತೆಂದು ಭಾವಿಸುತ್ತೇನೆ.

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯಿಂದ ಕೆಳಮನೆಯ ಛಾವಣಿಗೆ ನೀರು ಜಿನುಗತೊಡಗಿತ್ತು. ನಾನೂ ಪತ್ನಿಯೂ ಕಚೇರಿಗೆ ಹೋಗಿದ್ದಾಗ ಅಂದಾಜು ಹೇಳಲು ಬಂದ ಗುತ್ತಿಗೆದಾರನೊಬ್ಬ, ಒಬ್ಬರೇ ಇದ್ದ ನನ್ನ ತಾಯಿಯವರನ್ನು ಕೇಳದೆಯೇ ಸುತ್ತಿಗೆಯಿಂದ ಎರಡು ಟೈಲ್ಸ್ ಒಡೆದು, ‘ಇಂದೇ ಕೆಲಸ ಹಿಡಿಯದಿದ್ದರೆ ಕೆಳಗಿನವರ ಛಾವಣಿ ಕುಸಿಯುತ್ತದೆ’ ಎಂದು ಹೆದರಿಸಿದನಂತೆ. ‘ಮಗ ಬರಲಿ’ ಎಂದರೆ, ‘ನನ್ನ ಸಮಯಕ್ಕೆ ಬೆಲೆಯಿಲ್ಲವೇ?’ ಎಂದು ದನಿಯೇರಿಸಿದನಂತೆ. ಹಿಂದಿ ಅಷ್ಟಾಗಿ ಬಾರದ 74 ವರ್ಷದ ಅಮ್ಮ ಗಾಬರಿಗೊಂಡು ಕಪಾಟಿನಲ್ಲಿದ್ದ 10,000 ರೂಪಾಯಿ ಮುಂಗಡ ಕೊಟ್ಟುಬಿಟ್ಟರು. ಸಂಜೆ ನಾನು ಮನೆ ಸೇರಿದಾಗ ಅವರ ಕೈ ನಡುಗುತ್ತಿತ್ತು. ರಕ್ತದೊತ್ತಡ 180/100 ಇತ್ತು. ಸಾಲ ಕೇಳಿ ಬಂದವರಿಂದ ಹತ್ತು ಕಾಗದ ಕೇಳುವ ನನ್ನ ಮನೆಯಿಂದಲೇ ರಶೀದಿಯಿಲ್ಲದೆ ಹೋದ ಆ ಹಣ ಮರಳಲಿಲ್ಲ.

ವೈದ್ಯರು ಅಮ್ಮನನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ಒತ್ತಡ ಅಳೆದರು, ಇಳಿಮುಖವಾಗಿತ್ತು. ಇಂಥ ವೇಳೆ ಎದೆನೋವು, ಉಬ್ಬಸ, ಮಾತಿನ ತೊದಲುವಿಕೆ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ತಿಳಿಸಿದರು. ಹಾಗೆಂದು ರಿಪೇರಿಯನ್ನು ಮುಂದೂಡುವಂತೆಯೂ ಇರಲಿಲ್ಲ. ಗೋಡೆಯ ತೇವ ಮತ್ತು ಬೂಷ್ಟು ಶ್ವಾಸಕೋಶದ ತೊಂದರೆಗಳನ್ನು, ಅಸ್ತಮಾವನ್ನು ಹೆಚ್ಚಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಎಚ್ಚರಿಸಿದೆ.

ಕೊನೆಗೆ ನಾನು ಬ್ಯಾಂಕಿನ ಪದ್ಧತಿಯನ್ನೇ ಮನೆಗೂ ತಂದೆ: ಮೂರು ಕೊಟೇಶನ್, ಒಂದು ತುಲನಾ ಪಟ್ಟಿ. ಮೊದಲು ನಾನೇ ಟೇಪು ಹಿಡಿದೆ. ಬಚ್ಚಲುಮನೆ 5 ಅಡಿಗೆ 7 ಅಡಿ. ನೆಲ 35 ಚದರಡಿ. ಸುತ್ತಳತೆ 24 ಅಡಿ, ಟೈಲ್ಸ್ ಎತ್ತರ 7 ಅಡಿ; ಬಾಗಿಲನ್ನು ಕಳೆದರೆ ಗೋಡೆ ಸುಮಾರು 150 ಚದರಡಿ. ಒಟ್ಟು 185. ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡಾ 10 ಸೇರಿಸಿದರೂ 204 ದಾಟದು. ಬಂದವರಲ್ಲೊಬ್ಬರು ಬರೆದದ್ದು 260! ಒಬ್ಬರು ಚದರಡಿಗೆ ದರ ಹೇಳಿದರೆ, ಇನ್ನೊಬ್ಬರು ‘ಬ್ರಾಸ್’ ಲೆಕ್ಕದಲ್ಲಿ, ಎಂದರೆ ನೂರು ಚದರಡಿಗೆ ಹೇಳಿದರು. ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿದ ಮೇಲಷ್ಟೇ ಹೋಲಿಕೆ ಸಾಧ್ಯ. ಸಾಮಾನು ಯಾರದು, ಒಡೆದ ರಾಡಿ ಸಾಗಿಸುವವರು ಯಾರು, ಜಿಎಸ್‌ಟಿ ಸೇರಿದೆಯೇ, ಎಷ್ಟು ದಿನ ಹಿಡಿದೀತು ಎಂಬುದೆಲ್ಲ ಕಾಗದದಲ್ಲಿರಬೇಕು.

ಬಂದು ನೋಡುವುದಕ್ಕೆ ಶುಲ್ಕ ಕೇಳುವುದು ತಪ್ಪಲ್ಲ. ಆದರೆ ಅದನ್ನು ಬರುವ ಮುನ್ನವೇ ಹೇಳಿರಬೇಕು. ‘ಈ ದರ ಇಂದಿಗೆ ಮಾತ್ರ’ ಎನ್ನುವವರಿಗೆ ‘ಹಾಗಾದರೆ ನಮಗೆ ಬೇಡ’ ಎಂಬುದೇ ತಕ್ಕ ಉತ್ತರ. ಕೆಲಸ ಸಿಗುವ ಮುನ್ನವೇ ದನಿಯೇರಿಸುವವರು ಹಣ ಕೈಸೇರಿದ ಮೇಲೆ ವಿನಯವಂತರಾಗುವರೆಂದು ನಂಬುವುದು ಹೇಗೆ? ಆದುದರಿಂದ ನನ್ನ ತುಲನಾ ಪಟ್ಟಿಯಲ್ಲಿ ದರದೊಡನೆ ‘ನಡವಳಿಕೆ’ ಎಂಬ ಕಾಲಮನ್ನೂ ಸೇರಿಸಿದೆ. ಒಳಬರಲು ಅನುಮತಿ ಕೇಳಿ, ಅಳತೆ ತೆಗೆದು, ಎರಡು ದಿನಗಳಲ್ಲಿ ಬರೆದು ಕಳಿಸಿದವರಿಗೆ ಕೆಲಸ ಒಪ್ಪಿಸಿದೆ. ಅವರ ದರ ಎಲ್ಲರಿಗಿಂತ ಕಡಿಮೆಯದಾಗಿರಲಿಲ್ಲ.

ಹಣವನ್ನು ಕಂತುಗಳಲ್ಲಿ ಕೊಟ್ಟೆ: ಆರಂಭಕ್ಕೆ ಶೇಕಡಾ 20, ವಾಟರ್‌ಪ್ರೂಫಿಂಗ್ ಮುಗಿಸಿ, 48 ತಾಸು ನೀರು ನಿಲ್ಲಿಸಿ, ಕೆಳಮನೆಯವರು ‘ಸೋರಲಿಲ್ಲ’ ಎಂದ ಮೇಲೆ 40, ಟೈಲ್ಸ್ ಮುಗಿದ ಮೇಲೆ 30, ಉಳಿದ 10 ಒಂದು ತಿಂಗಳ ತರುವಾಯ. ಗೌಂಡಿಗಳ ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ.

ಕಾನೂನೂ ನಮ್ಮ ಬೆಂಬಲಕ್ಕಿದೆ. ಕರಾರಿಗೆ ಮುಕ್ತ ಸಮ್ಮತಿ ಅವಶ್ಯವೆಂದು 1872ರ ಭಾರತೀಯ ಕರಾರು ಕಾಯಿದೆ ಸಾರುತ್ತದೆ. ಹಣ ಪಡೆದು ಮಾಡುವ ರಿಪೇರಿಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೆಲಸದ ಮೌಲ್ಯ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಇವೆಲ್ಲಕ್ಕೂ ಆಧಾರ ಬೇಕು. ರಶೀದಿಯಿಲ್ಲದ ನಾನು ಏನನ್ನು ತಾನೇ ತೋರಿಸಲಿ?

ಆ ದಿನ ನಾನು ಗುತ್ತಿಗೆದಾರನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದೆ. ಅಮ್ಮ ಮೆಲ್ಲನೆ, ‘ನೀನೂ ಅವನ ಹಾಗೆಯೇ ಕೂಗಿದರೆ ಹೇಗಪ್ಪಾ? ನಾಲ್ಕು ಮಾತು ಹಿಂದಿ ಕಲಿಸಿಕೊಡು, ಸಾಕು’ ಎಂದರು. ಒಂದೇ ವಾಕ್ಯ ಕಲಿಸಿದೆ. ಈ ವರ್ಷ ಬಣ್ಣದ ಕೆಲಸದವನೊಬ್ಬ ಬಂದು ಆತುರಪಡಿಸಿದಾಗ ಅಮ್ಮ ಸೇಫ್ಟಿ ಡೋರಿನ ಹಿಂದೆಯೇ ನಿಂತು, ‘ಲಿಖ್ ಕೇ ದೀಜಿಯೇ, ಬೇಟಾ ದೇಖೇಗಾ’ ಎಂದರಂತೆ. ಅವನು ಕಾರ್ಡು ಕೊಟ್ಟು ಹೊರಟುಹೋದ. ಅಂದು ರಕ್ತದೊತ್ತಡ ಅಳೆಯುವ ಪ್ರಮೇಯವೇ ಒದಗಲಿಲ್ಲ.