ಲಿಂಕರ್ ಹೊತ್ತ ಭಾರ

ಲಿನಕ್ಸ್‌ನಲ್ಲಿ ಓಡುವ ಪ್ರತಿ ಪ್ರೋಗ್ರಾಂ ಫೈಲಿನ ತಲೆಭಾಗದಲ್ಲಿ ಒಂದು ಸಂಖ್ಯೆ ಕೂತಿರುತ್ತದೆ. ಹಳೆಯ ಇಂಟೆಲ್ 386ಕ್ಕೆ ಅದು 3, ಈಗಿನ 64 ಬಿಟ್ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗೆ 62, ಮೊಬೈಲಿನೊಳಗಿನ 64 ಬಿಟ್ ಆರ್ಮ್‌ಗೆ 183. ಫೈಲು ಯಾವ ಜಾತಿಯ ಯಂತ್ರದ್ದು ಎಂದು ಗೊತ್ತಾಗುವುದು ಇದರಿಂದ. ಹೊಸ ಪ್ರೊಸೆಸರ್ ಬಗೆಯಾದ ರಿಸ್ಕ್-ಫೈವ್‌ಗೆ ಸಿಕ್ಕ ಸಂಖ್ಯೆ 243. ಸಂಖ್ಯೆ ಸಿಗುವುದು ಕಷ್ಟವಲ್ಲ. ಆ ಸಂಖ್ಯೆ ಹೊತ್ತ ಫೈಲನ್ನು ಹುಟ್ಟಿಸಬಲ್ಲ ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳನ್ನು ಅಣಿಗೊಳಿಸಲು ವರ್ಷಗಳೇ ಹಿಡಿಯುತ್ತವೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರ ಮೇ ತಿಂಗಳಲ್ಲಿ ಕ್ರಿಸ್ತೆ ಅಸಾನೋವಿಚ್, ಯುನ್ಸುಪ್ ಲೀ, ಆಂಡ್ರ್ಯೂ ವಾಟರ್‌ಮನ್ ರಿಸ್ಕ್-ಫೈವ್ ಕೆಲಸ ಶುರು ಮಾಡಿದರು. ಡೇವಿಡ್ ಪ್ಯಾಟರ್ಸನ್ ಅವರ ಬೆಂಬಲವಿತ್ತು. ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ ಪ್ರೊಸೆಸರ್ ಆಜ್ಞೆಗಳ ಪಟ್ಟಿಯೊಂದನ್ನು ರೂಪಿಸುವುದು ಅವರ ಉದ್ದೇಶ. ಇಂಥ ಹೊತ್ತಿನಲ್ಲಿ ಚಿಪ್ ಕೈಯಲ್ಲಿರುವುದಿಲ್ಲ. ಹಾಗಾಗಿ ಮಾಮೂಲಿ ಕಂಪ್ಯೂಟರಿನಲ್ಲೇ ಕುಳಿತು ಹೊಸ ಯಂತ್ರಕ್ಕೆ ಕೋಡ್ ತಯಾರಿಸಿ, ಆ ಯಂತ್ರದಂತೆ ನಟಿಸುವ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡಬೇಕು. ರಿಸ್ಕ್-ಫೈವ್‌ನ ಸಿಮ್ಯುಲೇಟರಿನ ಹೆಸರು ಸ್ಪೈಕ್. ಅಮೆರಿಕದ ಎರಡು ಕರಾವಳಿಗಳನ್ನು ಬೆಸೆದ ರೈಲುದಾರಿ ಮುಗಿದಾಗ ಹೊಡೆದ ಚಿನ್ನದ ಮೊಳೆಯ ನೆನಪಿಗೆ ಇಟ್ಟ ಹೆಸರು ಅದು.

ಕಂಪೈಲರನ್ನು ಬುಡದಿಂದ ಬರೆಯಬೇಕಿಲ್ಲ ಎಂಬುದೊಂದು ಸಮಾಧಾನ. ಈಗಾಗಲೇ ಇರುವ ಜಿಸಿಸಿ ಎಂಬ ಕಂಪೈಲರಿನ ಮುಂಭಾಗ ಸಿ, ಸಿ++, ಫೋರ್ಟ್ರಾನ್‌ಗಳನ್ನು ಓದಿಕೊಳ್ಳುತ್ತದೆ. ನಡುಭಾಗ ಅನಗತ್ಯ ಲೆಕ್ಕಗಳನ್ನು ಕತ್ತರಿಸಿ ಕೋಡನ್ನು ಚುರುಕಾಗಿಸುತ್ತದೆ. ಇವೆರಡೂ ಹಾಗೆಯೇ ಉಳಿಯುತ್ತವೆ. ಹೊಸದಾಗಿ ಸೇರಬೇಕಾದದ್ದು ಹಿಂಭಾಗ: ಯಾವ ಆಜ್ಞೆ ಏನು ಮಾಡುತ್ತದೆ, ಪ್ರೊಸೆಸರಿನೊಳಗೆ ಬೆಲೆಗಳನ್ನಿಡುವ ಜಾಗಗಳಾದ ರಿಜಿಸ್ಟರ್‌ಗಳು ಎಷ್ಟು, ಯಾವುದಕ್ಕೆ ಎಷ್ಟು ವೆಚ್ಚ ಎಂಬ ವಿವರಣೆ. ರಿಸ್ಕ್-ಫೈವ್‌ನಲ್ಲಿ 32 ರಿಜಿಸ್ಟರ್‌ಗಳಿವೆ, ಮೊದಲನೆಯದರ ಬೆಲೆ ಯಾವಾಗಲೂ ಸೊನ್ನೆ. ಒಂದು ರಿಜಿಸ್ಟರಿನಲ್ಲಿದ್ದದ್ದನ್ನು ಇನ್ನೊಂದಕ್ಕೆ ಸಾಗಿಸಲು ಪ್ರತ್ಯೇಕ ಆಜ್ಞೆಯೇ ಇಲ್ಲ; ಸೊನ್ನೆ ಕೂಡಿಸಿ ಇನ್ನೊಂದರಲ್ಲಿ ಇಟ್ಟರಾಯಿತು. ಹೋಲಿಕೆಯ ಫಲಿತಾಂಶವನ್ನು ಬರೆದಿಡುವ ಫ್ಲ್ಯಾಗ್ ರಿಜಿಸ್ಟರ್ ಕೂಡ ಇಲ್ಲ, ಹೋಲಿಸುವುದೂ ಜಿಗಿಯುವುದೂ ಒಂದೇ ಆಜ್ಞೆಯಲ್ಲಿ ಮುಗಿಯುತ್ತದೆ.

ಹಾರ್ಡ್‌ವೇರ್ ಹೇಳದ ನಿಯಮಗಳೂ ಇವೆ. ಫಂಕ್ಷನ್ನಿಗೆ ಕೊಡುವ ಮೊದಲ ಎಂಟು ಬೆಲೆಗಳು ಯಾವ ರಿಜಿಸ್ಟರ್‌ಗಳಲ್ಲಿ ಹೋಗಬೇಕು, ಕರೆ ಮುಗಿದ ಮೇಲೂ ಕೆಡದೆ ಉಳಿಯಬೇಕಾದ ಹನ್ನೆರಡು ಯಾವುವು, ದಶಮಾಂಶ ಸಂಖ್ಯೆಗಳ ದಾರಿ ಯಾವುದು ಎಂಬುದೆಲ್ಲ ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ. ಇದನ್ನು ಮುರಿದ ಪ್ರೋಗ್ರಾಂ ಓಡುತ್ತದೆ, ಆದರೆ ತಪ್ಪು ಉತ್ತರ ಕೊಡುತ್ತದೆ. ಅದಕ್ಕೇ ಒಪ್ಪಂದದ ಗುರುತು ಫೈಲಿನ ತಲೆಭಾಗದಲ್ಲೇ ಇರುತ್ತದೆ. ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರನ್ನು ನೆಚ್ಚಿದ ಫೈಲು, ಸಾಫ್ಟ್‌ವೇರಿನಲ್ಲೇ ಆ ಲೆಕ್ಕ ಮಾಡುವ ಫೈಲು ಎರಡನ್ನೂ ಒಟ್ಟಿಗೆ ಕೊಟ್ಟರೆ ಲಿಂಕರ್ ಸೇರಿಸಲು ಒಪ್ಪುವುದಿಲ್ಲ.

ನಿಜವಾದ ತಲೆನೋವು ವಿಳಾಸಗಳದ್ದು. ರಿಸ್ಕ್-ಫೈವ್‌ನ ಮೂಲ ಆಜ್ಞೆಯೊಂದರ ಉದ್ದ 32 ಬಿಟ್. ಅದರೊಳಗೆ 32 ಬಿಟ್‌ಗಳ ವಿಳಾಸ ಹಿಡಿಸುವುದಾದರೂ ಹೇಗೆ? ಎರಡು ಕಂತಿನಲ್ಲಿ. ಮೊದಲ ಆಜ್ಞೆ ಮೇಲಿನ 20 ಬಿಟ್ ತುಂಬುತ್ತದೆ, ಎರಡನೆಯದು ಕೆಳಗಿನ 12 ಬಿಟ್‌ಗಳನ್ನು ಕೂಡಿಸುತ್ತದೆ. ಆದರೆ ಈ ಕೆಳಗಿನ ತುಂಡು ಋಣವೂ ಆಗಬಲ್ಲದು, ಅದರ ಮಿತಿ −2048ರಿಂದ 2047. ಹಾಗಾಗಿ 7000 ಎಂಬ ವಿಳಾಸವನ್ನು 4096ಕ್ಕೆ 2904 ಕೂಡಿಸಿ ಕಟ್ಟಲಾಗದು. 8192ರಿಂದ 1192 ಕಳೆದೇ ಕಟ್ಟಬೇಕು. ಈ ಸಣ್ಣ ತಿದ್ದುಪಡಿ ಮರೆತ ಲಿಂಕರ್ ಅರ್ಧದಷ್ಟು ವಿಳಾಸಗಳಲ್ಲಿ ಸರಿಯಾಗಿಯೇ ನಡೆದು, ಉಳಿದರ್ಧದಲ್ಲಿ 4096 ಬೈಟ್ ಆಚೀಚೆ ಬೀಳುತ್ತದೆ.

ಫೈಲೊಂದನ್ನು ಕಂಪೈಲ್ ಮಾಡುವಾಗ ಬೇರೆ ಫೈಲಿನಲ್ಲಿರುವ ಫಂಕ್ಷನ್ ಎಲ್ಲಿ ಕೂರುತ್ತದೆಂದು ಗೊತ್ತಿರುವುದಿಲ್ಲ. ಅಸೆಂಬ್ಲರ್ ಆ ಜಾಗವನ್ನು ಖಾಲಿ ಬಿಟ್ಟು, ಮುಂದೆ ಏನು ತುಂಬಬೇಕೆಂದು ಚೀಟಿ ಬರೆದಿಡುತ್ತದೆ. ಕಸುಬಿನವರ ಬಾಯಲ್ಲಿ ಇದು ರಿಲೊಕೇಶನ್. ಎಲ್ಲ ಫೈಲುಗಳನ್ನು ಜೋಡಿಸಿದ ಲಿಂಕರ್ ಆ ಚೀಟಿಗಳನ್ನು ಓದಿ ಖಾಲಿ ಜಾಗ ತುಂಬುತ್ತದೆ. ಇಷ್ಟು ಎಲ್ಲ ಯಂತ್ರಗಳಿಗೂ ಸಮಾನ.

ರಿಸ್ಕ್-ಫೈವ್ ಇಲ್ಲಿಗೆ ನಿಲ್ಲಿಸಲಿಲ್ಲ. ದೂರದ ಫಂಕ್ಷನ್ ಕರೆಯಲು ಎರಡು ಆಜ್ಞೆ, ಅಂದರೆ 8 ಬೈಟ್ ಬೇಕು. ಆ ಫಂಕ್ಷನ್ 1 ಮೆಗಾಬೈಟ್ ವ್ಯಾಪ್ತಿಯೊಳಗೇ ಇದೆಯೆಂದು ಲಿಂಕರ್‌ಗೆ ಕಂಡರೆ ಒಂದೇ ಆಜ್ಞೆ ಸಾಕು, 4 ಬೈಟ್ ಉಳಿತಾಯ. ಹೆಚ್ಚಿನದನ್ನು ಅಳಿಸುವ ಈ ಕೆಲಸಕ್ಕೆ ರಿಲ್ಯಾಕ್ಸೇಶನ್ ಎನ್ನುತ್ತಾರೆ. ಹೆಸರು ಕೇಳಿದರೆ ಆರಾಮದ್ದೆನಿಸುತ್ತದೆ, ಬರೆಯುವವರ ಪಾಡು ಬೇರೆ. ಪಡಿತರ ಅಂಗಡಿಯ ಸಾಲಿನಿಂದ ಒಬ್ಬ ಹೊರಬಿದ್ದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುವಂತೆ, 4 ಬೈಟ್ ಅಳಿದೊಡನೆ ಅದರ ಹಿಂದಿನ ವಿಳಾಸಗಳೆಲ್ಲ ಸರಿಯುತ್ತವೆ. ಹೀಗಾಗಿ ಒಂದೇ ಫಂಕ್ಷನ್ನಿನೊಳಗಿನ ಪುಟ್ಟ ಜಿಗಿತದ ದೂರವನ್ನೂ ಅಸೆಂಬ್ಲರ್ ಅಂತಿಮವಾಗಿ ಹೇಳಲಾರದು. ಅದಕ್ಕೂ ಚೀಟಿ ಬೇಕು. ಡೀಬಗ್ ಮಾಹಿತಿಯಲ್ಲಿ ಎರಡು ಗುರುತುಗಳ ನಡುವಿನ ಅಂತರವನ್ನು ಕೂಡು ಒಂದು, ಕಳೆ ಒಂದು ಎಂದು ಜೋಡಿ ಚೀಟಿಗಳಲ್ಲೇ ಬರೆಯಬೇಕು. ಹಾರ್ಡ್‌ವೇರನ್ನು ಸರಳವಾಗಿಟ್ಟಾಗ ಉಳಿದ ಜಟಿಲತೆ ಎಲ್ಲೋ ಮಾಯವಾಗಲಿಲ್ಲ, ಲಿಂಕರಿನ ಬೆನ್ನೇರಿತು.

ಇದರಲ್ಲೊಂದು ತಮಾಷೆಯ ಬಲೆಯೂ ಇದೆ. ಗ್ಲೋಬಲ್ ಪಾಯಿಂಟರ್ ಎಂಬ ರಿಜಿಸ್ಟರಿಗೆ ಹತ್ತಿರವಿರುವ ಡೇಟಾವನ್ನು ಒಂದೇ ಆಜ್ಞೆಯಲ್ಲಿ ಮುಟ್ಟಬಹುದು, ಲಿಂಕರ್ ಅಂಥ ಕಡೆಯೆಲ್ಲ ಎರಡು ಆಜ್ಞೆಗಳನ್ನು ಒಂದಕ್ಕಿಳಿಸುತ್ತದೆ. ಆದರೆ ಪ್ರೋಗ್ರಾಂ ಶುರುವಾಗುವಾಗ ಆ ರಿಜಿಸ್ಟರಿಗೇ ಮೊದಲ ಬೆಲೆ ತುಂಬಬೇಕಲ್ಲ? ಲಿಂಕರ್ ತನ್ನ ಜಾಣತನವನ್ನು ಅಲ್ಲೂ ತೋರಿಸಿದರೆ, ರಿಜಿಸ್ಟರಿನ ಬೆಲೆಯನ್ನು ಅದೇ ರಿಜಿಸ್ಟರಿನಿಂದ ತುಂಬು ಎಂಬ ಅರ್ಥಹೀನ ಆಜ್ಞೆ ಹುಟ್ಟುತ್ತದೆ. ಆರಂಭದ ಕೋಡಿನಲ್ಲಿ ಆ ಸಾಲಿನ ಸುತ್ತ ‘ಇಲ್ಲಿ ರಿಲ್ಯಾಕ್ಸ್ ಮಾಡಬೇಡ’ ಎಂದು ಬರೆದಿರುವುದು ಇದಕ್ಕೇ.

ಬಿನ್‌ಯುಟಿಲ್ಸ್ ಎಂಬ ಸಾಧನಗುಚ್ಛದ 2.28ನೇ ಆವೃತ್ತಿಯೊಂದಿಗೆ 2017ರ ಮಾರ್ಚ್‌ನಲ್ಲಿ ರಿಸ್ಕ್-ಫೈವ್‌ನ ಅಸೆಂಬ್ಲರ್, ಲಿಂಕರ್ ಬಂದವು. ಮೇ ತಿಂಗಳಲ್ಲಿ ಜಿಸಿಸಿ 7.1. ಕೆಲಸ ಆರಂಭವಾಗಿ ಅಷ್ಟೊತ್ತಿಗೆ ಏಳು ವರ್ಷ. ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನಲ್ಲಿ ರಿಸ್ಕ್-ಫೈವ್ ಬೆಂಬಲಕ್ಕಿದ್ದ ಪ್ರಾಯೋಗಿಕ ಎಂಬ ಹಣೆಪಟ್ಟಿ ಕಳಚಿದ್ದು 2019ರ 9ನೇ ಆವೃತ್ತಿಯಲ್ಲಿ. ಅದರ ಲಿಂಕರ್ ಎಲ್‌ಎಲ್‌ಡಿಗೆ ರಿಲ್ಯಾಕ್ಸೇಶನ್ ಬರಲು 2022ರ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ಎಲ್‌ಎಲ್‌ಡಿ ಬಳಸುವವರು ಆ ಸೌಲಭ್ಯವನ್ನು ಬಂದ್ ಮಾಡಿಯೇ ಕಂಪೈಲ್ ಮಾಡುತ್ತಿದ್ದರು.

ಚೀಟಿಯ ಭಾಷೆಯನ್ನು ಮೊದಲೇ ಸರಿಯಾಗಿ ಗೊತ್ತುಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಚೀನಾದ ಪ್ರೊಸೆಸರ್ ಬಗೆ ಲೂಂಗ್‌ಆರ್ಚ್ ಉದಾಹರಣೆ. ಅದರ ಮೊದಲ ರಿಲೊಕೇಶನ್‌ಗಳು ಪುಟ್ಟ ಲೆಕ್ಕಯಂತ್ರದಂತಿದ್ದವು: ಬೆಲೆಯನ್ನು ಪೇರಿಸು, ಇನ್ನೊಂದನ್ನು ಪೇರಿಸು, ಕಳೆ, ಫಲಿತಾಂಶವನ್ನು ಆಜ್ಞೆಯೊಳಗೆ ಇಳಿಸು. ಒಂದು ಖಾಲಿ ಜಾಗಕ್ಕೆ ಚೀಟಿಗಳ ಮಾಲೆಯೇ ಬೇಕಾಗುತ್ತಿತ್ತು. 2022ರಲ್ಲಿ ಕಂಪೈಲರ್, ಲಿಂಕರ್‌ಗಳಲ್ಲಿ ಅದರ ಬೆಂಬಲ ಅಧಿಕೃತವಾಗಿ ಸೇರಿದ ಸ್ವಲ್ಪ ಕಾಲದಲ್ಲೇ ಇದನ್ನು ಕೈಬಿಟ್ಟು, ನೇರವಾಗಿ ಹೇಳುವ ಹೊಸ ರಿಲೊಕೇಶನ್‌ಗಳನ್ನು ತರಬೇಕಾಯಿತು.

ಇರುವ ಸಾಧನಗಳನ್ನು ಬಳಸಿಕೊಳ್ಳುವುದು, ಎಲ್ಲವನ್ನೂ ತಾವೇ ಬರೆದುಕೊಳ್ಳುವುದು: ಭಾರತದಲ್ಲಿ ಈ ಎರಡು ದಾರಿಗಳೂ ಕಾಣುತ್ತವೆ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್ ರಿಸ್ಕ್-ಫೈವ್ ಕುಲದ್ದಾದ್ದರಿಂದ ಜಗತ್ತು ಕಟ್ಟಿದ ಜಿಸಿಸಿ ಅದಕ್ಕೆ ಒದಗುತ್ತದೆ. ಇಸ್ರೊದ ತಿರುವನಂತಪುರ ಕೇಂದ್ರ ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯೊಂದಿಗೆ ರಾಕೆಟ್‌ಗಳಿಗಾಗಿ ರೂಪಿಸಿದ 32 ಬಿಟ್ ‘ವಿಕ್ರಂ 3201’ ತನ್ನದೇ ಆಜ್ಞೆಗಳ ಪ್ರೊಸೆಸರ್. ಅದಕ್ಕೆ ಬೇಕಾದ ಅಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್‌ಗಳನ್ನೆಲ್ಲ ಇಸ್ರೊದವರೇ ಬರೆದುಕೊಂಡರು. 2025ರ ಮಾರ್ಚ್‌ನಲ್ಲಿ ಚಿಪ್ ಹಸ್ತಾಂತರವಾದಾಗಲೂ ಅದರ ಸಿ ಕಂಪೈಲರಿನ ಕೆಲಸ ಇನ್ನೂ ನಡೆದಿತ್ತು.